ರಾಜೀವಿ ಚೆಲ್ಲಿದ ಕರಿ ಮರಳು

ರಾಜೀವಿಗೆ ಒಂದು ತುಂಡು ಬಂಗಾರ ಇನ್ನೂ ಬರಬೇಕಾಗಿದೆ. ತೊಗರಿಬೇಳೆಯಷ್ಟು ದೊಡ್ಡದು, ಒಂದು ಬದಿ ಚಪ್ಪಟೆ. ಮೂರು ವರ್ಷ ಕಳೆಯಿತು. ಕೊಡಬೇಕಾದವನ ಹೆಸರು ಶಾಂತವೀರಪ್ಪ. ಆ ತುಂಡು ಈಗ ಅವನ ಹೆಂಡತಿ ಮಹಾಶ್ವೇತಾಳ ಕೊರಳಲ್ಲಿ ಪೆಂಡೆಂಟ್ ಆಗಿ ನೇತಾಡುತ್ತಿದೆ. ತೆಗೆದುಕೊಂಡದ್ದನ್ನು ಕೊಡದವರು ಲೋಕದಲ್ಲಿ ಬೇಕಾದಷ್ಟು ಇದ್ದಾರೆ. ಇವನು ಕೊಡುವುದಿಲ್ಲ ಎಂಬುದನ್ನು ನಗುತ್ತಾ ಹೇಳುತ್ತಾನೆ. ಸಿಟ್ಟು ನೆತ್ತಿಗೇರುವುದು ಅಲ್ಲಿ.

ರಾಜೀವಿ ಉಡುಪಿ ಕಡೆಯವಳು. ಮದುವೆಗೆ ಮೊದಲು ಬೀಡಿ ಕಟ್ಟುತ್ತಿದ್ದಳು. ಅಪ್ಪ ಹಾಕಿದ ಬಳೆಗಳು ನಾದಿನಿಯ ಮದುವೆಗೆ ಹೋದವು. ಗಂಡ ಕೊರಗಪ್ಪ ಗಲ್ಫಿನ ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದಾಗ ತಂದ ಸರ ಆಸ್ಟ್ರೇಲಿಯಕ್ಕೆ ಕಳಿಸುತ್ತೇನೆಂದ ಏಜೆಂಟನ ಹೊಟ್ಟೆಗೆ ಹೋಯಿತು. ಕಿವಿಯದ್ದು ಇಲ್ಲಿಗೆ ಬಂದಮೇಲೆ ಬ್ಲ್ಯಾಕ್‌ಟೌನಿನ ಬಾಡಿಗೆ ಮನೆಯ ಮೊದಲ ಅಡ್ವಾನ್ಸಿಗೆ. ಹಾಕುವಾಗ ಯಾರೋ ಹಾಕಿದರು, ಬಿಚ್ಚುವಾಗ ಯಾರೋ ಬಿಚ್ಚಿಸಿದರು. ಅವಳನ್ನು ಒಂದು ಮಾತು ಕೇಳಿದವರಿಲ್ಲ. ವೆಸ್ಟ್‌ಮೀಡಿನ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ದಿನವಿಡೀ ಬೆಡ್‌ಶೀಟು ಮಡಚುವ ಆ ಕೈಗಳಲ್ಲಿ ಗಾಜಿನ ಬಳೆಯೂ ಇರಲಿಲ್ಲ, ಮೆಷಿನಿಗೆ ಸಿಕ್ಕೀತೆಂದು.

ಆದ್ದರಿಂದ 2006ರಲ್ಲಿ, ಇಲ್ಲಿನ ನದಿಗಳಲ್ಲಿ ಈಗಲೂ ಬಂಗಾರ ಸಿಗುತ್ತದೆ, ಹವ್ಯಾಸಕ್ಕೆ ಯಾರು ಬೇಕಾದರೂ ಹುಡುಕಬಹುದು ಎಂದು ಕನ್ನಡ ಸಂಘದ ಊಟದಲ್ಲಿ ಕೇಳಿದಾಗ ಅವಳ ಕಿವಿ ನಿಮಿರಿತು. ಕೊರಗಪ್ಪ ನಕ್ಕ.

"ಬಂಗಾರ ಹುಡುಕಲಿಕ್ಕೆ ಹೊರಟದ್ದಾ? ಮೊದಲು ನನ್ನ ಕನ್ನಡಕ ಹುಡುಕಿ ಕೊಡು."

"ನಿಮ್ಮ ಕನ್ನಡಕ ನಿಮ್ಮ ತಲೆ ಮೇಲೆ ಉಂಟು," ಅಂದಳು ರಾಜೀವಿ. "ನನಗೆ ಒಂದು ಗುಂಜಿಯಷ್ಟು ಸಿಕ್ಕಿದರೆ ಸಾಕು. ಯಾರೂ ಹಾಕಿದ್ದಲ್ಲ, ಯಾರೂ ಬಿಚ್ಚಲಿಕ್ಕಿಲ್ಲ."

ಅಷ್ಟೇ ಅವಳ ಆಸೆ. ಉಳಿದದ್ದೆಲ್ಲ ಈ ಒಂದು ಗುಂಜಿಯ ಕಥೆ.

ಶಾಂತವೀರಪ್ಪ ಧಾರವಾಡದ ಇಂಜಿನಿಯರು. ಸಂಘದ ಯಾವ ಕೂಟದಲ್ಲೂ ಮುಂದಿನ ಕುರ್ಚಿ ಅವನದು. ಹತ್ತು ವರ್ಷದಿಂದ ಬಂಗಾರ ಹುಡುಕುವ ಹುಚ್ಚು. ತಿಂಗಳಿಗೊಂದು ಶನಿವಾರ ಎರಡು ಕಾರು ಮಾಡಿಕೊಂಡು, ಬ್ಲೂ ಮೌಂಟನ್ಸ್ ದಾಟಿ, ಸೊಫಾಲಾ ಎಂಬ ಹಳೆಯ ಗಣಿ ಊರಿನ ಟುರಾನ್ ನದಿಗೆ ಹೋಗುತ್ತಿದ್ದ. ಬೆನ್ನಿನ ಆಪರೇಷನ್ ಆದಮೇಲೆ ಅವನಿಗೆ ಬಗ್ಗಲು ಆಗುತ್ತಿರಲಿಲ್ಲ. ಮಡಚುವ ಕುರ್ಚಿಯಲ್ಲಿ ಕೂತು ಬೇರೆಯವರಿಗೆ ಎಲ್ಲಿ ಅಗೆಯಬೇಕೆಂದು ಹೇಳುತ್ತಿದ್ದ. ರಾಜೀವಿ ಬರಲೇ ಎಂದು ಕೇಳಿದಾಗ ಬಾಯಿ ತುಂಬ ಕರೆದ.

"ಬರ್ರಿ ಅಕ್ಕಾರ, ಬರ್ರಿ. ಬರೋಮುಂದ ಆ ನಿಮ್ಮ ಗೋಳಿಬಜಿ ಅಷ್ಟು ತರ್ರಿ. ನದಿ ಬಂಗಾರ ಕೊಡ್ತದೋ ಬಿಡ್ತದೋ, ಹೊಟ್ಟಿಯಂತೂ ತುಂಬ್ತದ."

ಆ ವರ್ಷ ಮಳೆ ಕೈಕೊಟ್ಟಿತ್ತು. ನದಿ ಮೊಣಕಾಲಿಗೂ ಇರಲಿಲ್ಲ, ಬಂಡೆಗಳ ಬುಡ ಬಿಟ್ಟುಕೊಂಡಿತ್ತು. ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲವಂತೆ: ಭಾರದ ಬಂಗಾರ ಬಂಡೆಯ ಸೀಳುಗಳಲ್ಲಿ ಕೂತಿರುತ್ತದೆ, ಸೀಳನ್ನು ಕೆರೆದು ತೆಗೆಯಬೇಕು. ರಾಜೀವಿ ಸೀರೆ ಬಿಟ್ಟು ಮಗಳ ಹಳೆಯ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಬಂದಿದ್ದಳು. ಸಲಿಕೆ ಹಿಡಿದು ಅಗೆದಳು, ಸೀಳುಗಳನ್ನು ಸ್ಕ್ರೂಡ್ರೈವರಿನಿಂದ ಕೆರೆದಳು, ಜರಡಿ ಹಿಡಿದಳು. ಕೊನೆಗೆ ಮಣ್ಣು ತುಂಬಿದ ಹಸುರು ಪ್ಲಾಸ್ಟಿಕ್ ಪ್ಯಾನ್, ಬಂಗಾರ ತೊಳೆಯುವ ಅಗಲ ತಟ್ಟೆ, ಕೈಗೆ ಬಂತು.

ಪ್ಯಾನ್ ನೀರಿಗಿಳಿದದ್ದೇ ತಡ, ಕೈಗೆ ತನ್ನಷ್ಟಕ್ಕೆ ನೆನಪು ಬಂತು. ಇದು ಅಕ್ಕಿ ಜಾಲಿಸುವ ಕೆಲಸ! ಅಗಲ ಪಾತ್ರೆಯಲ್ಲಿ ಅಕ್ಕಿ, ನೀರು. ಒಂದು ಸುತ್ತು, ಒಂದು ಕುಲುಕು. ಅಕ್ಕಿ ನೀರಿನೊಡನೆ ಅಲೆಅಲೆಯಾಗಿ ಇನ್ನೊಂದು ಪಾತ್ರೆಗೆ ಇಳಿಯುತ್ತದೆ, ಹರಳು ತಳದಲ್ಲಿ ಕೂತುಬಿಡುತ್ತದೆ. ಕೊನೆಗೆ ತಳದ ಹರಳನ್ನು ಅಂಗಳಕ್ಕೆ ಎಸೆಯುವುದು. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಮಾಡಿದ್ದು. ರಾಜೀವಿ ಹಾಗೆಯೇ ಮಾಡಿದಳು. ಹಗುರ ಮರಳನ್ನು ಇನ್ನೊಂದು ಪ್ಯಾನಿಗೆ ಇಳಿಸಿ ಜೋಪಾನ ಮಾಡಿದಳು. ತಳದಲ್ಲಿ ಉಳಿದ ಕರಿ ಮರಳನ್ನು, ಹರಳು ಎಂದು, ಎಸೆಯಲು ಕೈ ಎತ್ತಿದಳು.

"ಹೀಗೆಯಾ ಮಾಡುವುದು ಸರ್?"

ಶಾಂತವೀರಪ್ಪ ನೋಡಿದ. ಹತ್ತು ವರ್ಷ ಬಂಗಾರ ಹುಡುಕಿದವನಿಗೆ ಕರಿ ಮರಳೆಂದರೆ ಏನೆಂದು ಗೊತ್ತಿಲ್ಲವೆ? ಬಂಗಾರ ಸಿಗುವುದಾದರೆ ಸಿಗುವುದು ಅದರ ಅಡಿಯಲ್ಲೇ. ಕುರ್ಚಿಯ ಪಕ್ಕದ ಬಕೆಟ್ಟನ್ನು ಕಾಲಿನಿಂದ ಮುಂದಕ್ಕೆ ತಳ್ಳಿ ಹೇಳಿದ.

"ಏನು ಕೈ ಅದರೀ ನಿಮ್ದು! ಹಂಗs ಮಾಡ್ರಿ. ಆದ್ರ ಆ ಕಸ ಹೊಳ್ಯಾಗ ಒಗೀಬ್ಯಾಡ್ರಿ, ನೀರು ಹೊಲಸಾಗ್ತದ. ಇಲ್ಲಿ ನನ್ನ ಬಕೆಟ್ಟಿನ್ಯಾಗ ಹಾಕ್ರಿ."

ಹುಬ್ಬಳ್ಳಿಯ ಹುಡುಗ ಅಭಿನವ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಲೋಹ ಪತ್ತೆ ಮಾಡುವ ಡಿಟೆಕ್ಟರ್ ಆಡಿಸುತ್ತಿದ್ದವನು, ತಿರುಗಿ ನೋಡಿದ. "ಅಕ್ಕಾ, ಅದು..." ಅಂದ.

"ಅಭಿ, ನಿನ್ನ ಮಷೀನ್ ನೋಡ್ಕೋ," ಅಂದ ಶಾಂತವೀರಪ್ಪ. ಅಭಿನವ ನೋಡಿಕೊಂಡ. ಕಾರು ಶಾಂತವೀರಪ್ಪನದು, ಕೆಲಸ ಕೊಡಿಸಿದವನೂ ಅವನೇ.

ಹೀಗೆ ನಾಲ್ಕು ತಿಂಗಳು. ರಾಜೀವಿ ಅಗೆಯುವುದು, ಕೆರೆಯುವುದು, ಜಾಲಿಸುವುದು, ತಳದ್ದನ್ನು ಕುರ್ಚಿಯ ಪಕ್ಕದ ಬಕೆಟ್ಟಿಗೆ ಸುರಿಯುವುದು. ಸೊಂಟ ಬಿದ್ದುಹೋಗುವ ತನಕ. ಸಂಜೆ ಬಕೆಟ್ಟಿನ ಬಾಯಿ ಬಿಗಿದು ಶಾಂತವೀರಪ್ಪ ಡಿಕ್ಕಿಯಲ್ಲಿಡಿಸುತ್ತಿದ್ದ, "ಮನ್ಯಾಗ ಗುಲಾಬಿ ಕುಂಡಕ್ಕ ಹಾಕ್ತೀನಿ," ಎಂದು. ಅವಳಿಗೆ ಸಿಕ್ಕಿದ್ದು ಕಾಗೆ ಬಂಗಾರ, ಬಿಸಿಲಿಗೆ ಮಿನುಗಿ ಮುಟ್ಟಿದರೆ ಪುಡಿಯಾಗುವ ಅಭ್ರಕದ ಚೂರು. ಅದನ್ನೇ ಮಾತ್ರೆಯ ಸಣ್ಣ ಬಾಟಲಿಯಲ್ಲಿ ತುಂಬಿ ತೋರಿಸಿದಾಗ ಅವನು ಹಲ್ಲು ಕಿರಿದು ಸಮಾಧಾನ ಹೇಳಿದ: "ಎಲ್ಲಾ ನಸೀಬ ಅಕ್ಕಾರ. ನಿಮ್ಮ ನಸೀಬದಾಗ ಕಾಗಿ ಬಂಗಾರ ಬರದಾರ, ಏನ್ ಮಾಡೂದು?" ಬಾಯಲ್ಲಿ ಅವಳದೇ ಗೋಳಿಬಜೆ ಇತ್ತು.

ಮರುವರ್ಷ ಮಗಳು ದೀಕ್ಷಿತಾಗೆ ಮೆಲ್ಬರ್ನಿನಲ್ಲಿ ಕೆಲಸವಾಯಿತು. ಅಲ್ಲಿನ ಫುಟ್ಸ್‌ಕ್ರೇಯಲ್ಲಿ ಅವಳಿಗೆ ಮನೆ ಹೂಡಿಕೊಡಲು ರಾಜೀವಿ ರಜೆ ಹಾಕಿ ಹೋದಳು. ಅಮ್ಮನ ಬಾಟಲಿ ನೋಡಿ ಮಗಳಿಗೆ ಪಾಪ ಅನಿಸಿತೋ ನಗು ಬಂತೋ, ಅಂತೂ ಲೈಬ್ರರಿಯ ಬೋರ್ಡಿನಲ್ಲಿ ಕಂಡ ಒಂದು ಹವ್ಯಾಸಿ ಕ್ಲಬ್ಬಿನ ಹೆಸರು ಬರೆದುಕೊಂಡು ಬಂದಳು. ಹೊಸಬರಿಗೆ ಭಾನುವಾರ ಕಲಿಸುತ್ತಾರೆ, ರೈಲಿನಲ್ಲಿ ಕ್ಯಾಸಲ್‌ಮೇನ್ ತನಕ ಹೋಗಿ ಅಲ್ಲಿಂದ ತೊರೆಗೆ.

ಕಲಿಸಲು ನಿಂತವಳು ಬೆವ್ ಎಂಬ ಮುದುಕಿ. ಮೆಲ್ಬರ್ನಿನ ಟ್ರಾಮಿನಲ್ಲಿ ಕಂಡಕ್ಟರಾಗಿದ್ದವಳು. ಕಂಡಕ್ಟರುಗಳೇ ಬೇಡವೆಂದು ತೆಗೆದುಹಾಕಿದಾಗ ಬೀದಿಗಿಳಿದು ಕೂಗಾಡಿ, ಸೋತು, ಆಮೇಲೆ ಪ್ಯಾನ್ ಹಿಡಿದವಳು. ಮಾತು ಕಮ್ಮಿ, ಬೈಗಳು ಜಾಸ್ತಿ. ರಾಜೀವಿಯ ಪ್ಯಾನಿನ ಮಣ್ಣಿಗೆ ಅವಳು ಜೇಬಿನಿಂದ ಐದು ಸೀಸದ ಚರೆ ತೆಗೆದು ಹಾಕಿದಳು, ಬಂದೂಕಿನ ಚರೆ, ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿದ್ದು. ಹೊಸಬರ ಪರೀಕ್ಷೆ ಅದು. ಸೀಸವೂ ಬಂಗಾರದ ಹಾಗೆ ಭಾರ. ತೊಳೆದು ಮುಗಿಸುವಾಗ ಐದೂ ಪ್ಯಾನಿನಲ್ಲಿದ್ದರೆ ನಿನ್ನ ಕೈ ಸರಿ.

ರಾಜೀವಿ ಚೆನ್ನಾಗಿ ಜಾಲಿಸಿದಳು. ಹಗುರ ಮರಳನ್ನು ಜೋಪಾನವಾಗಿ ಇಳಿಸಿಕೊಂಡಳು. ತಳದ್ದನ್ನು ಬೀಸಿ ಎಸೆದಳು.

"ನನ್ನ ಚರೆ ಎಲ್ಲಿ?" ಅಂದಳು ಬೆವ್.

ರಾಜೀವಿ ಇಳಿಸಿಕೊಂಡ ಮರಳನ್ನು ಬೆರಳಿನಲ್ಲಿ ಕೆದಕಿದಳು. ಒಂದೂ ಇರಲಿಲ್ಲ.

"ಐದೂ ಪೊದೆಗೆ ಹೋಯಿತು ಮಾರಾಯ್ತಿ! ತಳದಲ್ಲಿರುವುದೇ ಮಾಲು. ಮೇಲಿನದು ಕಸ. ಇದು ಯಾವ ಕತ್ತೆ ಕಲಿಸಿದ್ದು ನಿನಗೆ?" ಬೆವ್ ಹೇಳಿದ ಇಂಗ್ಲಿಷಿನ ಸಾರಾಂಶ ಇಷ್ಟು, ಕತ್ತೆಯ ಜಾಗದಲ್ಲಿ ಬೇರೆ ಪದ ಇತ್ತು.

ರಾಜೀವಿ ನೀರಿನಲ್ಲೇ ಕೂತುಬಿಟ್ಟಳು. ಪ್ಯಾಂಟು ಒದ್ದೆಯಾದದ್ದು ತಿಳಿಯಲಿಲ್ಲ. ಕಣ್ಣ ಮುಂದೆ ಬಂದದ್ದು ಚರೆಯಲ್ಲ, ಬಕೆಟ್ಟು. ಗುಲಾಬಿ ಕುಂಡ. ಹಂಗs ಮಾಡ್ರಿ. ಅದರ ಹಿಂದೆಯೇ, ಕಟ್ಟಿದ ಬೀಡಿ ಒಪ್ಪಿಸುತ್ತಿದ್ದ ಬ್ರಾಂಚಿನ ಮೇಜು. ಅಲ್ಲಿ ಕೂತವನು ಅವಳ ಕಟ್ಟಿನಿಂದ ಹಿಡಿಹಿಡಿ ಬೀಡಿ ಎಳೆದು, ಇದು ಸರಿಯಿಲ್ಲ, ಇದಕ್ಕೆ ಮಜೂರಿ ಇಲ್ಲ ಎಂದು ಬದಿಗೆ ಹಾಕುತ್ತಿದ್ದ. ಸರಿಯಿಲ್ಲದ ಬೀಡಿ ಕಸದ ಬುಟ್ಟಿಗೆ ಹೋಗುತ್ತಿರಲಿಲ್ಲ, ವಾಪಸ್ಸೂ ಬರುತ್ತಿರಲಿಲ್ಲ. ಸಂಜೆ ಇನ್ನೊಂದು ಚೀಲಕ್ಕೆ ಸೇರಿ ಮಾರಾಟವಾಗುತ್ತಿತ್ತು. ಕಟ್ಟಿದವಳಿಗೆ ಮಾತ್ರ ಕಸ. ಅದೇ ಮೇಜನ್ನು ಹೊತ್ತುಕೊಂಡು ಸಮುದ್ರ ದಾಟಿ ಬಂದು ಸೊಫಾಲಾದಲ್ಲಿ ಹಾಕಿಕೊಂಡು ಕೂತಿದ್ದಾನಲ್ಲ ಈ ಬೋಳಿಮಗ!

ಬೆವ್ ಒಂದೊಂದಾಗಿ ಕೇಳಿದಳು. ಬಕೆಟ್ಟು ಯಾರದು? ಅವನದು. ಮನೆಗೆ ಒಯ್ಯುತ್ತಿದ್ದನೇ? ಪ್ರತಿ ಸಲ. ಬೆವ್ ಪಕ್ಕಕ್ಕೆ ಉಗಿದಳು.

"ಹೊಸಬರ ಕೈ ತಪ್ಪಿದರೆ ಹಳಬರು ಹಿಡಿದು ನಿಲ್ಲಿಸಬೇಕು. ನಿಲ್ಲಿಸದೆ ಲಾಭ ಮಾಡಿಕೊಂಡವನ ಜೊತೆ ನಮ್ಮಲ್ಲಿ ಯಾರೂ ಚಹಾ ಕುಡಿಯುವುದಿಲ್ಲ."

ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಬಂಗಾರ ಹುಡುಕಲು ಒಂದು ಪರವಾನಗಿ ಬೇಕು. ಅದರ ಹೆಸರೇ ಮೈನರ್ಸ್ ರೈಟ್, ಗಣಿಗಾರನ ಹಕ್ಕು. ನೂರೈವತ್ತು ವರ್ಷದ ಹಿಂದೆ ಬಲ್ಲರಾಟಿನ ಗಣಿಗಾರರು ಲೈಸೆನ್ಸ್ ಕಾಗದ ಸುಟ್ಟು, ಗುಂಡಿಗೆ ಎದೆ ಕೊಟ್ಟು ಪಡೆದದ್ದು. ಅಗೆದವನಿಗೇ ಅಗೆದದ್ದು. ಬೆವ್ ರಾಜೀವಿಗೆ ಅದನ್ನು ಮಾಡಿಸಿಕೊಟ್ಟಳು. ಮತ್ತೆ ಐದು ಚರೆ ಹಾಕಿದಳು. ನಲವತ್ತು ವರ್ಷದ ಕೈಯ ಅಭ್ಯಾಸ ತಿರುಗಿಸುವುದು ಸುಲಭವಲ್ಲ. ತಳದ್ದನ್ನು ಎಸೆಯಲು ಕೈ ತಾನಾಗಿ ಏಳುತ್ತಿತ್ತು, ಬೆವ್ ಮಣಿಕಟ್ಟಿಗೆ ಬಡಿಯುತ್ತಿದ್ದಳು. ಸಂಜೆಗೆ ಐದೂ ಉಳಿದವು. ಅವುಗಳ ಪಕ್ಕದಲ್ಲಿ, ಸಾಸಿವೆಯಲ್ಲಿ ಕಾಲು ಪಾಲಿನ ಒಂದು ಹಳದಿ ಚುಕ್ಕೆ. ನೆರಳಿಗೆ ಹಿಡಿದರೂ ಹಳದಿಯೇ. ರಾಜೀವಿ ಬಾಟಲಿಯ ಕಾಗೆ ಬಂಗಾರವನ್ನು ತೊರೆಗೆ ಸುರಿದು ಚುಕ್ಕೆಯನ್ನು ಅದರೊಳಗೆ ಹಾಕಿದಳು.

ಮನೆಗೆ ಬಂದು ಹೇಳಿದಾಗ ದೀಕ್ಷಿತಾ, "ಅಮ್ಮಾ, ಇಟ್ಸ್ ಜಸ್ಟ್ ಎ ಹಾಬಿ. ಲೀವ್ ಇಟ್," ಅಂದಳು.

"ಹಾಬಿಯಾದರೆ ಕದಿಯಬಹುದಾ?" ಅಂದಳು ರಾಜೀವಿ.

ಆ ನವೆಂಬರಿನಲ್ಲಿ ಬ್ಲ್ಯಾಕ್‌ಟೌನ್ ಹತ್ತಿರದ ಒಂದು ಹಾಲಿನಲ್ಲಿ ರಾಜ್ಯೋತ್ಸವ. ಊಟಕ್ಕೆ ಮೊದಲು ಶಾಂತವೀರಪ್ಪನ ಭಾಷಣ, 'ಆಸ್ಟ್ರೇಲಿಯದ ಬಂಗಾರ ಮತ್ತು ನಾವು'. ಪರದೆಯ ಮೇಲೆ ನದಿಯ ಚಿತ್ರ. ಕೊನೆಯಲ್ಲಿ ಹೆಂಡತಿಯನ್ನು ಎಬ್ಬಿಸಿ ನಿಲ್ಲಿಸಿ ಪೆಂಡೆಂಟ್ ತೋರಿಸಿದ: "ಹೋದ ನವೆಂಬರಿನ್ಯಾಗ ಟುರಾನ್ ತಾಯಿ ಕೊಟ್ಟ ಪ್ರಸಾದರೀ ಇದು." ಚಪ್ಪಾಳೆ.

ಸಾರಿನ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿದ್ದ ರಾಜೀವಿ ಕೇಳಿದಳು. ದೊಡ್ಡ ದನಿ ಮಾಡಲಿಲ್ಲ, ಆದರೂ ಹಾಲಿಗೆಲ್ಲ ಕೇಳಿತು.

"ಅದು ನದಿ ಕೊಟ್ಟದ್ದಾ, ಬಕೆಟ್ ಕೊಟ್ಟದ್ದಾ ಸರ್?"

"ಏನಂದ್ರಿ ಅಕ್ಕಾರ?"

"ಹೋದ ನವೆಂಬರಿನಲ್ಲಿ ಅಗೆದದ್ದು ನಾನೊಬ್ಬಳೇ. ನಿಮಗೆ ಬಗ್ಗಲಿಕ್ಕೆ ಆಗುವುದಿಲ್ಲ. ಅಭಿನವ ಸೇತುವೆಯ ಅಡಿಯಲ್ಲಿ ಡಿಟೆಕ್ಟರ್ ಹಿಡಿದುಕೊಂಡಿದ್ದ. ಕೇಳಿ ಬೇಕಾದರೆ, ಅವನು ಇಲ್ಲಿಯೇ ಇದ್ದಾನೆ."

ಎಲ್ಲರೂ ಅಭಿನವನ ಕಡೆ ನೋಡಿದರು. ಅಭಿನವ ಮೊಬೈಲ್ ನೋಡಿದ.

ಶಾಂತವೀರಪ್ಪ ಇಲ್ಲ ಅನ್ನಲಿಲ್ಲ. ಅವನ ಸೊಕ್ಕಿಗೆ ಅದರ ಅಗತ್ಯವೂ ಇರಲಿಲ್ಲ. "ಹೌದ್ರೀ, ನಿಮ್ಮ ಕಸದಾಗ ಸಿಕ್ಕದ್ದs. ಕಸ ಅಂತ ಒಗದಾಕಿ ನೀವು, ಆರಿಸಿಕೊಂಡಾವ ನಾನು. ಒಗದದ್ದು ಯಾರಪ್ಪಂದೂ ಅಲ್ಲ. ಗೊತ್ತಿಲ್ಲದಾಕಿ ಒಗೀತಾಳ, ಗೊತ್ತಿದ್ದಾವ ಹೆಕ್ಕತಾನ. ಇದs ಪ್ರಪಂಚ!"

"ಗೊತ್ತಿಲ್ಲ ಅಂತಲೇ ನಿಮ್ಮನ್ನು ಕೇಳಿದ್ದಲ್ಲವಾ? ಹೀಗೆಯಾ ಮಾಡುವುದು ಅಂತ ಕೇಳಿದೆ. ನೀವೆಂತ ಹೇಳಿದಿರಿ?"

ಶಾಂತವೀರಪ್ಪ ನಕ್ಕ. ಅವನು ನಕ್ಕದ್ದು ನೋಡಿ ಮುಂದಿನ ಸಾಲು ನಕ್ಕಿತು. ಮುಂದಿನ ಸಾಲು ನಕ್ಕದ್ದು ನೋಡಿ ಹಾಲೆಲ್ಲ ನಕ್ಕಿತು. ಹಿಂದಿನಿಂದ ಯಾರೋ, "ಆಂಟಿ, ಆಮೇಲೆ ಮಾತಾಡೋಣ, ಸಾರು ತಣ್ಣಗಾಗ್ತಿದೆ," ಅಂದರು. ರಾಜೀವಿ ಸೌಟನ್ನು ಸಾರಿನೊಳಗೇ ಬಿಟ್ಟು, ಕೈ ಒರೆಸಿಕೊಂಡು ಹೊರಗೆ ನಡೆದಳು. ಕೊರಗಪ್ಪ ಹಿಂದೆಯೇ ಬಂದು ಕಾರು ತೆಗೆದ. ಸ್ವಲ್ಪ ದೂರ ಹೋದಮೇಲೆ, "ಮುಂದಿನ ಸಲ ಸಲಿಕೆ ನಾನು ಹಿಡಿಯುತ್ತೇನೆ," ಎಂದ, ಅಷ್ಟೆ.

ಆಮೇಲೆ ಅವರಿಬ್ಬರೇ ಹೋಗುತ್ತಾರೆ, ಮೆಲ್ಬರ್ನಿಗೆ ಹೋದಾಗ ಬೆವ್ ಜೊತೆ. ಬಾಟಲಿಯ ತಳ ಈಗ ತೆಳ್ಳಗೆ ಮುಚ್ಚಿದೆ. ದಾರಿಯಲ್ಲಿ ಹೊಸಬರು ಸಿಕ್ಕಿದರೆ ರಾಜೀವಿ ಮೊದಲು ಐದು ಚರೆ ಹಾಕುತ್ತಾಳೆ. ಕೈ ತಪ್ಪಿದರೆ ಮಣಿಕಟ್ಟಿಗೆ ಬಡಿಯುತ್ತಾಳೆ. ಸಂಘದ ಊಟಕ್ಕೆ ಹೋಗುವುದಿಲ್ಲ. ಶಾಂತವೀರಪ್ಪ ಹೋಗುತ್ತಾನೆ, ಮುಂದಿನ ಕುರ್ಚಿಯಲ್ಲೇ ಕೂರುತ್ತಾನೆ. ಕದ್ದವನು ಒಳಗೆ, ಕಳೆದುಕೊಂಡವಳು ಹೊರಗೆ. ಇದನ್ನು ನಾವು ಸಂಘ ಎಂದು ಕರೆಯುತ್ತೇವೆ.

ಅವನು ಒಬ್ಬನೇ ಕದ್ದಿದ್ದರೆ ಒಂದು ತುಂಡು ಬಂಗಾರದ ಮಾತು. ನೀವೆಲ್ಲ ನಕ್ಕಿರಿ. ಅಂದು ಆ ಹಾಲಿನಲ್ಲಿದ್ದು ನಕ್ಕವರು, ನಗದಿದ್ದರೂ ಮೊಬೈಲ್ ನೋಡಿದವರು, ಅಂಥದೇ ಬೇರೆ ಹಾಲುಗಳಲ್ಲಿ ಸಾರು ತಣ್ಣಗಾಗುತ್ತದೆ ಎಂದವರು, ಎಲ್ಲರಿಗೂ ಹೇಳುವುದು ಇಷ್ಟೆ. ಮುಂದಿನ ಊಟದಲ್ಲಿ, ಎಲೆಗೆ ಕೈ ಹಾಕುವ ಮೊದಲು, ಎದ್ದು ನಿಂತು ಅವನ ಮುಖಕ್ಕೆ ಕೇಳಿ: ರಾಜೀವಿಯ ತುಂಡು ಎಲ್ಲಿ? ಅದು ಅವಳ ಅಂಗೈಗೆ ಬಂದು ಬೀಳುವ ತನಕ ಅವನ ಪಂಕ್ತಿಯಲ್ಲಿ ಕೂತು ಉಣ್ಣಬೇಡಿ.