ತಾಯಿಯ ಉಡಿಗೆ ಹಾಕಿದ ಖಣ

ಖಾನಾಪುರದ ಗಂಗೂಬಾಯಿ ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿ, ಕೆಂಪು ಸೀರೆ ಉಟ್ಟು ಹಿತ್ತಿಲ ಕೋಣೆ ಸೇರಿದವಳು. ಇಪ್ಪತ್ತಾರು ವರ್ಷ ಆ ಕೋಣೆಯೇ ಅವಳ ಊರು. ಹೊಸ್ತಿಲಿಂದ ಗೋಡೆಗೆ ಒಂಬತ್ತು ಹೆಜ್ಜೆ. ಮೈದುನ ಬಿಂದುಮಾಧವ ಕಾಂಗ್ರೆಸ್ಸು ಸೇರಿ ತಕಲಿ ತಂದುಕೊಟ್ಟ ಮೇಲೆ ಅಲ್ಲೇ ಕೂತು ನೂತಳು. ತನ್ನ ನೂಲಿನದೇ ಒಂದು ಕುಪ್ಪಸದ ಖಣ ನೇಯಿಸಿ ಭಾರತಮಾತೆಯ ಉಡಿಗೆ ಹಾಕಬೇಕು, ಅದೊಂದೇ ಆಸೆ.

೧೯೨೪ರ ಚಳಿಗಾಲ. ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಸಡಗರ. ಖಾನಾಪುರದಲ್ಲಿ ಸಭೆ ಕೂಡಬಾರದೆಂದು ಸರಕಾರದವರು ಡಂಗುರ ಸಾರಿಸಿದ್ದರು. ಉಡಿ ತುಂಬುವ ಹೆಂಗಸರನ್ನು ಯಾರು ತಡೆದಾರು? ಬಿಂದುಮಾಧವ ಕುಂಬಾರರಿಂದ ಮಾತೆಯ ಮಣ್ಣಿನ ಮೂರ್ತಿ ಮಾಡಿಸಿ ಪಡಸಾಲೆಯಲ್ಲಿ ಕೂಡಿಸಿದ. ಮುತ್ತೈದೆಯರು ಅಕ್ಕಿ, ಕಾಯಿ ಹಿಡಿದು ಬಂದರು. ಉಡಿಯ ಜೊತೆಗೆ ಸ್ವರಾಜ್ಯದ ಮಾತೂ ನಡೆಯಿತು.

ಗಂಗೂಬಾಯಿ ತಾನು ನೇಯಿಸಿದ ಖಣ ಹಿಡಿದು ಪಡಸಾಲೆಯ ಬಾಗಿಲಿಗೆ ಬಂದಳು. ಬಿಂದುಮಾಧವನ ಹೆಂಡತಿ, ನೆಗೆಣ್ಣಿ ಅಲಕಾ ಅಡ್ಡ ನಿಂತಳು.

“ಅಕ್ಕಾ, ನೀವು ಒಳಗ ಇರ್ರಿ. ಇದು ಮುತ್ತೈದೇರ ಕೆಲಸ.”

“ಮಾತಾನ ಹಣಿ ಮ್ಯಾಲ ಕುಂಕುಮ ಅದ. ಆಕಿ ಗಂಡ ಯಾರಂತ ಬಿಂದೂನ್ನ ಕೇಳು, ತಂಗಿ.”

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಬಿಂದುಮಾಧವ ನಗಲಿಲ್ಲ.

“ವೈನಿ, ದೇಶದ ತಾಯೀನ್ನ ಹಂಗೆಲ್ಲಾ ಕೇಳಬಾರದು.”

“ತಾಯೀನ್ನ ಎಲ್ಲಿ ಕೇಳಿದೆ? ನಿನ್ನ ಕೇಳಿದೆ.”

ಅಷ್ಟರಲ್ಲಿ ಬೀದಿಯಲ್ಲಿ ಬೂಟಿನ ಸಪ್ಪಳ. ಯಾರೋ ಚಾಡಿ ಹೇಳಿದ್ದರು. ಬಿಂದುಮಾಧವ ಮೂರ್ತಿಯನ್ನು ಎತ್ತಿ ಗಂಗೂಬಾಯಿಯ ಕೋಣೆಯಲ್ಲಿಟ್ಟು, ಅವಳನ್ನೂ ಒಳಗೆ ಕಳಿಸಿ, ಹೊರಗಿನಿಂದ ಚಿಲಕ ಹಾಕಿದ.

“ಇಲ್ಲೇನದ?” ಫೌಜದಾರನ ದನಿ.

“ವಿಧವಾ ಹೆಣ್ಣುಮಗಳು, ಸಾಹೇಬ್ರ. ಮಡಿಯೊಳಗ ಇದ್ದಾಳ.”

ಬೂಟು ಎರಡು ಹೆಜ್ಜೆ ಹಿಂದೆ ಸರಿಯಿತು. ಅವಳ ಮುಖ ನೋಡಿ ದಿನ ಕೆಡಿಸಿಕೊಳ್ಳಲು ಅವನಿಗೂ ಮನಸ್ಸಿರಲಿಲ್ಲ.

ಮೂರ್ತಿ ಗೋಡೆಗೆ ಮುಖ ಮಾಡಿತ್ತು. ಗಂಗೂಬಾಯಿ ಅದನ್ನು ತಿರುಗಿಸಿ, ಖಣವನ್ನು ಮೂರು ಮಡಿಕೆ ಮಾಡಿ ಉಡಿಯಲ್ಲಿಟ್ಟಳು. ಮೂರು ದಿನ ಇಬ್ಬರೂ ಆ ಒಂಬತ್ತು ಹೆಜ್ಜೆಯಲ್ಲೇ ಇದ್ದರು. ನಾಲ್ಕನೆಯ ದಿನ ಮೂರ್ತಿಯನ್ನು ಬೆಳಗಾವಿಗೆ ಒಯ್ಯಲು ಬಂದ ಬಿಂದುಮಾಧವ ಖಣ ಕಂಡು ಕೈ ತಡೆದ. ರೈಲಿನ ಹೊತ್ತಾಗಿತ್ತು. ಹಾಗೆಯೇ ಧೋತರದಲ್ಲಿ ಸುತ್ತಿ ಒಯ್ದ.

ವಾರದ ಮೇಲೆ ಬಂದು ಹೊಸ್ತಿಲಾಚೆ ನಿಂತ.

“ವೈನಿ, ಖಣಾ ನೋಡಿ ಎಲ್ಲಾರೂ ಹೊಗಳಿದ್ರು. ಇಷ್ಟು ಸಣ್ಣ ನೂಲು ಯಾವ ಮುತ್ತೈದಿ ತಗದಾಳ ಅಂತ ಕೇಳಿದ್ರು.”

“ಏನಂದಿ?”

“ಅಲಕಾ ಅಂದೆ.” ಅವನು ನೆಲ ನೋಡಿದ. “ಬ್ಯಾರೆ ಏನನ್ಲಿ?”

“ಉಡಿಯೊಳಗ ಉಳೀತೋ?”

“ಉಳೀತು.”

ಗಂಗೂಬಾಯಿ ತಕಲಿ ಎತ್ತಿಕೊಂಡಳು.

“ಬಾಗಲಾ ಮುಂದ ಮಾಡ್ಕೊಂಡು ಹೋಗಪಾ. ಗಾಳಿಗೆ ಎಳಿ ಹರೀತದ.”