ಗೇಮ್ ಪೆಟ್ಟಿಗೆಗೆ ಬೆಲೆ ಕಟ್ಟಿದ್ದು

ಚೌಕಾಸಿಯಲ್ಲಿ ನಾನು ಹೆಸರು ಮಾಡಿದವಳು. ಇದು ನಾನಾಗಿ ಹೇಳಿಕೊಳ್ಳುವ ಮಾತಲ್ಲ. ಚಳ್ಳಕೆರೆ ಸಂತೆಯಲ್ಲಿ ಈರುಳ್ಳಿ ಮಾರುವವರು ನನ್ನನ್ನು ದೂರದಿಂದ ಕಂಡ ಕೂಡಲೇ ತಕ್ಕಡಿ ಪಕ್ಕಕ್ಕಿಟ್ಟು ನಿಟ್ಟುಸಿರು ಬಿಡುತ್ತಾರಲ್ಲ, ಅದನ್ನು ನೋಡಿದವರು ಹೇಳುವುದು. ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮ್ಯಾಚಿಂಗ್ ಸೆಂಟರ್ ಇದೆ. ಬ್ಲೌಸ್ ಪೀಸು, ಲೈನಿಂಗು, ಸೀರೆ ಫಾಲ್ಸು ಮಾರುತ್ತೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಹೆಂಗಸರು ಐದು ರೂಪಾಯಿಗೆ, ಹತ್ತು ರೂಪಾಯಿಗೆ ನನ್ನ ಜೀವ ಹಿಂಡುತ್ತಾರೆ. ಅವರಿಂದ ಕಲಿತ ವಿದ್ಯೆಯನ್ನು ಅಂಗಡಿ ಮುಚ್ಚಿದ ಮೇಲೆ ನಾನು ಬೇರೆಯವರ ಮೇಲೆ ಪ್ರಯೋಗಿಸುತ್ತೇನೆ. ವಿದ್ಯೆ ದೊಡ್ಡದೇನಲ್ಲ. ಬೇಕು ಅನ್ನುವುದು ಮುಖದಲ್ಲಿ ಕಾಣಬಾರದು, ಕೈಗೆ ಸಿಕ್ಕ ವಸ್ತುವಿನಲ್ಲಿ ಮೊದಲು ಐಬು ಹುಡುಕಬೇಕು, ಕೊನೆಗೆ ಎದ್ದು ಚಪ್ಪಲಿ ಮೆಟ್ಟಬೇಕು.

ಇಷ್ಟೆಲ್ಲ ಬಲ್ಲವಳು ಒಂದು ಹಳೇ ವಿಡಿಯೋ ಗೇಮ್ ಪೆಟ್ಟಿಗೆಗೆ ಇಪ್ಪತ್ತು ಸಾವಿರ ಸುರಿದಳು ಎಂದು ಈಗ ಊರೆಲ್ಲ ಮಾತಾಡಿಕೊಳ್ಳುತ್ತದೆ. ಊರಿಗೆ ಗೊತ್ತಿರುವುದು ತಪ್ಪು ಲೆಕ್ಕ. ಸರಿಯಾದದ್ದನ್ನು ಇಲ್ಲಿ ಬರೆದಿಡುತ್ತೇನೆ.

ಮೊಬೈಲಿನಲ್ಲಿ ಆಡುವ ಆಟದ ವಿಷಯವಲ್ಲ ಇದು. ಆಳೆತ್ತರದ ಪ್ಲೈವುಡ್ ಪೆಟ್ಟಿಗೆ, ಅದರ ಎದೆಯಲ್ಲಿ ಹಳೇ ಕಾಲದ ಡಬ್ಬಾ ಟಿವಿ, ಕೆಳಗೆ ಬಸ್ಸಿನ ಗೇರಿನಂಥ ಒಂದು ಹಿಡಿ, ಪಕ್ಕದಲ್ಲಿ ಬಣ್ಣಬಣ್ಣದ ಬಟನ್ನು. ನಾಣ್ಯ ಹಾಕಿದರೆ ವಿಮಾನ ಹಾರುತ್ತದೆ, ಗುಂಡು ಹೊಡೆಯುತ್ತದೆ, ಸಾಯುತ್ತದೆ, ಮತ್ತೆ ನಾಣ್ಯ ಕೇಳುತ್ತದೆ. ನಾನು ಪಿಯುಸಿ ಓದಲು ಮೊಳಕಾಲ್ಮೂರಿನಿಂದ ಬಂದು ಚಳ್ಳಕೆರೆಯ ಚಿಕ್ಕಮ್ಮನ ಮನೆಯಲ್ಲಿದ್ದಾಗ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಇಂಥ ಪೆಟ್ಟಿಗೆ ಇದ್ದ ಅಂಗಡಿಯೊಂದಿತ್ತು. ಬಾಗಿಲಿಗೆ ಪರದೆ. ಕೆಳಗಿನಿಂದ ಹುಡುಗರ ಕಾಲು ಕಾಣುತ್ತಿದ್ದವು, ಗಾಳಿ ಬಂದಾಗ ಪಕ್ಕದಿಂದ ಒಂದಿಷ್ಟು ನೀಲಿ ಬೆಳಕು ಕಾಣುತ್ತಿತ್ತು. ಹುಡುಗಿಯರು ಒಳಗೆ ಹೋಗಬಾರದು ಎಂದು ಯಾರೂ ಬೋರ್ಡ್ ಹಾಕಿರಲಿಲ್ಲ, ಆದರೂ ಒಬ್ಬಳೂ ಹೋಗುತ್ತಿರಲಿಲ್ಲ. ನಾನು ಬಸ್ಸಿಗೆ ಕಾಯುವವಳಂತೆ ಎದುರಿಗಿದ್ದ ಪಂಕ್ಚರ್ ಅಂಗಡಿಯ ನೆರಳಲ್ಲಿ ನಿಲ್ಲುತ್ತಿದ್ದೆ. ಚಿಕ್ಕಮ್ಮನ ಮಗ ಒಳಗೆ ಹೋಗಿ ಬಂದು, ಇವತ್ತು ದೊಡ್ಡ ವಿಮಾನವನ್ನೇ ಉಡಾಯಿಸಿದೆ ಎಂದು ಕೊಚ್ಚಿಕೊಳ್ಳುತ್ತಿದ್ದ. ಅವನ ಜೇಬಿನಲ್ಲೂ ಕಾಸಿರಲಿಲ್ಲ, ಅವನೂ ಒಳಗೆ ನಿಂತು ನೋಡಿ ಬರುತ್ತಿದ್ದ ಅಷ್ಟೇ ಎಂಬುದು ತಿಳಿದದ್ದು ಅವನ ಮದುವೆಯ ನಂತರ.

ಹೋದ ವರ್ಷ ಆ ಗೇಮ್ ಅಂಗಡಿಯ ಯಜಮಾನರು ಮಗಳ ಬ್ಲೌಸಿಗೆ ಲೈನಿಂಗ್ ಬಟ್ಟೆ ಕೊಳ್ಳಲು ನನ್ನಲ್ಲಿಗೆ ಬಂದರು. ಗೇಮು ನಿಂತ ಮೇಲೆ ಅವರು ಸಿ.ಡಿ. ಬಾಡಿಗೆಗೆ ಕೊಟ್ಟರು, ಆಮೇಲೆ ರೀಚಾರ್ಜು ಮಾಡಿದರು, ಕೊನೆಗೆ ಅದೇ ಜಾಗದಲ್ಲಿ ಕಬ್ಬಿನ ಹಾಲು ಮಾರುತ್ತಿದ್ದರು. ಕಟ್ಟಡದ ಮಾಲೀಕರು ಅದನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಮಾತಿನ ನಡುವೆ, ಗೇಮಿನ ಪೆಟ್ಟಿಗೆ ಇನ್ನೂ ಹಿಂದಿನ ಕೋಣೆಯಲ್ಲಿದೆ, ಸೋಮವಾರ ಗುಜರಿಯವನು ಬರುತ್ತಾನೆ, ಮೂರು ಸಾವಿರಕ್ಕೆ ತೂಕದ ಲೆಕ್ಕದಲ್ಲಿ ಕೇಳಿದ್ದಾನೆ ಎಂದರು.

"ಗುಜರಿಗೆ ಹಾಕಾಕೆ ಮನಸ್ಸಿಲ್ರಿ," ಎಂದರು. "ಇನ್ನೂ ಆನ್ ಆಗ್ತೈತೆ."

ನನ್ನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ಮೇಲೆ ಸೊಟ್ಟಗೆ ಓಡಿತು. ಆ ಪೀಸನ್ನು ನಾನೇ ಇಟ್ಟುಕೊಂಡು ಅವರಿಗೆ ಬೇರೆ ಕತ್ತರಿಸಿ ಕೊಟ್ಟೆ. ಯಾರಿಗಾದರೂ ಕೊಡುವುದಾದರೆ ಎಷ್ಟಕ್ಕೆ ಕೊಡುತ್ತೀರಿ ಎಂದು, ಯಾರದೋ ಪರವಾಗಿ ಕೇಳುವವಳಂತೆ ಕೇಳಿದೆ. ಇಪ್ಪತ್ತು ಸಾವಿರ ಎಂದರು. ನನಗೆ ಅದು ಬೇಕಿತ್ತು. ಯಾಕೆ, ಎಲ್ಲಿಡುತ್ತೀಯ, ಈ ವಯಸ್ಸಿನಲ್ಲಿ ಏನು ಮಾಡುತ್ತೀಯ ಎಂದು ಯಾರೂ ಕೇಳಬಾರದು. ಬೇಕಿತ್ತು, ಸೋಮವಾರದೊಳಗೆ ಬೇಕಿತ್ತು, ಅಷ್ಟೇ.

ಆದರೆ ನ್ಯಾಯವಾದ ಬೆಲೆ ಯಾವುದು? ಬ್ಲೌಸ್ ಪೀಸಿಗೆ ಮೀಟರಿನ ಲೆಕ್ಕವಿದೆ, ಈರುಳ್ಳಿಗೆ ಕಿಲೋ ಲೆಕ್ಕವಿದೆ. ಫೋನಿನಲ್ಲಿ ಹುಡುಕಿದರೆ ಇಂಥ ಪೆಟ್ಟಿಗೆಗೆ ದೊಡ್ಡ ಊರುಗಳಲ್ಲಿ ಲಕ್ಷ, ಒಂದೂವರೆ ಲಕ್ಷ ಹೇಳುತ್ತಿದ್ದರು. ಅವು ಅರಮನೆಯ ಕುರ್ಚಿಯಂತೆ ಮಿರಮಿರ ಮಿಂಚುತ್ತಿದ್ದವು. ನಮ್ಮ ಬೀದಿಯ ಟಿವಿ ರಿಪೇರಿಯವರನ್ನು ಕೇಳಿದೆ. ಈ ಪಿಕ್ಚರ್ ಟ್ಯೂಬು ಈಗ ಎಲ್ಲೂ ಸಿಗುವುದಿಲ್ಲ, ಅದಕ್ಕೇ ಬೆಲೆ ಜಾಸ್ತಿ ಎಂದರು. ಈ ಟ್ಯೂಬು ಈಗ ಎಲ್ಲೂ ಸಿಗುವುದಿಲ್ಲ, ಕೆಟ್ಟರೆ ಕಥೆ ಮುಗಿಯಿತು, ಅದಕ್ಕೇ ಬೆಲೆ ಕಡಿಮೆ ಎಂದು ಅದೇ ಉಸಿರಿನಲ್ಲಿ ಸೇರಿಸಿದರು. ಲಕ್ಷಕ್ಕೂ ಮೂರು ಸಾವಿರಕ್ಕೂ ನಡುವೆ ಎಲ್ಲೋ ಒಂದು ಕಡೆ ನ್ಯಾಯ ಕೂತಿದೆ ಎಂದಾಯಿತು. ಅದು ಎಂಟು ಸಾವಿರದಲ್ಲಿ ಕೂತಿದೆ ಎಂದು ನಾನೇ ತೀರ್ಮಾನಿಸಿ, ಐದರಿಂದ ಮಾತು ಶುರುಮಾಡುವುದೆಂದು ನಿಶ್ಚಯಿಸಿದೆ.

ಭಾನುವಾರ ಹೊರಡುವ ಹೊತ್ತಿಗೆ ಅವ್ವ ಮೊಳಕಾಲ್ಮೂರಿನ ಬಸ್ಸಿಳಿದು ಬಂದಳು. ಅವ್ವ ಚಿಕ್ಕಂದಿನಿಂದ ರೇಷ್ಮೆ ಸೀರೆ ನೇಯ್ದವಳು. ಮಂಡಿ ನೋವು ಶುರುವಾದ ಮೇಲೆ ಮಗ್ಗದ ಗುಂಡಿಗೆ ಇಳಿಯುವುದನ್ನು ಬಿಟ್ಟಿದ್ದಾಳೆ, ತಿಂಗಳಿಗೊಮ್ಮೆ ನನ್ನ ಮನೆಗೆ ಬಂದು ನನ್ನ ಅಂಗಡಿಯ ಬಟ್ಟೆಗಳನ್ನು ಮುಟ್ಟಿ ಮುಟ್ಟಿ ಮುಖ ಕಿವುಚುತ್ತಾಳೆ. ಅವಳನ್ನೂ ಆಟೋದಲ್ಲಿ ಕೂರಿಸಿಕೊಂಡೆ. ಯಜಮಾನರು ಇಪ್ಪತ್ತು ಸಾವಿರ ಕೇಳಿದ್ದಾರೆ, ಅಲ್ಲಿ ಏನನ್ನೂ ಚೆನ್ನಾಗಿದೆ ಅನ್ನಬೇಡ, ಸುಮ್ಮನೆ ಕೂತಿರು ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟೆ. ಅವ್ವ ಎಲ್ಲದಕ್ಕೂ ತಲೆಯಾಡಿಸಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಹಿಂದಿನ ಕೋಣೆಯಲ್ಲಿ ಯಜಮಾನರು ಗೋಣಿಚೀಲ ಸರಿಸಿ ಪೆಟ್ಟಿಗೆ ತೋರಿಸಿದರು. ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟಿದ್ದರು. ಸ್ವಿಚ್ ಹಾಕಿದಾಗ ಅದು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೊಣಗಿ, ನಂತರ ನೀಲಿ ಬೆಳಕು ಬಿಟ್ಟಿತು. ಆಗ ಬಾಗಿಲ ಪರದೆಯ ಪಕ್ಕದಿಂದ ಕಾಣುತ್ತಿದ್ದ ಅದೇ ನೀಲಿ. ಮುಖವನ್ನು ಹಳಸಿದ ಅನ್ನದ ಮುಂದೆ ಕೂತವಳಂತೆ ಇಟ್ಟುಕೊಂಡು ಕೆಲಸ ಶುರುಮಾಡಿದೆ.

ಗಾಜಿನ ಮೇಲೆ ಗೀರಿದೆ, ಇಲ್ಲಿ ನೋಡ್ರಿ ಎಂದೆ. ಹೌದ್ರಿ ಎಂದರು. ಪ್ಲೈವುಡ್ಡು ಕೆಳಗೆ ನೀರು ಕುಡಿದು ಉಬ್ಬಿದೆ, ಇಲ್ಲಿ ನೋಡ್ರಿ. ಹೌದ್ರಿ. ಹಿಡಿ ಅಲ್ಲಾಡುತ್ತದೆ. ಕೆಂಪು ಬಟನ್ನು ಒತ್ತಿದರೆ ಒಳಗೇ ಕೂರುತ್ತದೆ. ಹಿಂದಿನ ಹಲಗೆಗೆ ಒಂದೊಂದು ಸ್ಕ್ರೂ ಒಂದೊಂದು ಥರ, ಇಲ್ಲಿ ನೋಡ್ರಿ. ಪ್ರತಿ ಐಬಿಗೂ ಅವರ ಹೌದ್ರಿ ಸಣ್ಣದಾಗುತ್ತಿತ್ತು, ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಚುತ್ತ ಮಡಚುತ್ತ ಅಂಗೈಯಷ್ಟು ಮಾಡಿದ್ದರು. ನನಗೆ ಹುರುಪು ಬಂದಿತ್ತು. ಐದು ಸಾವಿರದ ಮೇಲೆ ಒಂದು ರೂಪಾಯಿಯೂ ಬಾಳುವುದಿಲ್ಲ ಎಂದು ಹೇಳಿ ಚಪ್ಪಲಿ ಕಡೆ ಕಾಲು ಚಾಚಿದೆ.

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅವ್ವ ಎದ್ದು ನಿಂತಳು. "ಊರುಕೋವೇ," ಎಂದಳು. ನಮ್ಮ ಮನೆಯ ತೆಲುಗಿನಲ್ಲಿ, ಸುಮ್ಮನಿರೇ ಎಂದು. ಆಮೇಲೆ ಯಜಮಾನರಿಗೂ ತಿಳಿಯಲಿ ಎಂದೇ ಕನ್ನಡದಲ್ಲಿ ಕೇಳಿದಳು: "ನೀನು ಯಾವಾಗಿಂದ ಸಾವ್ಕಾರ್ತಿ ಆದೆ?"

ಯಜಮಾನರಿಗೆ ಏನೂ ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮ ಮನೆಯಲ್ಲಿ ಸೀರೆ ಮಗ್ಗದಿಂದ ಇಳಿದ ಮೇಲೆ, ರೇಷ್ಮೆ ಕೊಟ್ಟು ನೇಯಿಸುವ ಸಾವ್ಕಾರರ ಮನೆಗೆ ಒಪ್ಪಿಸಲು ಅವ್ವನೇ ಹೋಗುತ್ತಿದ್ದಳು. ಅಪ್ಪ ಹೋದರೆ ಜಗಳವಾಗುತ್ತಿತ್ತು. ನಾನು ಅವಳ ಸೆರಗು ಹಿಡಿದು ಹಿಂದೆ ಹೋಗುತ್ತಿದ್ದೆ. ಸಾವ್ಕಾರರು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿಯುವರು. ಇಲ್ಲಿ ನೋಡಮ್ಮ, ಎಳೆ ತಪ್ಪಿದೆ. ಇಲ್ಲಿ ನೋಡಮ್ಮ, ಅಂಚು ಎಳೆದಿದೆ. ಒಂದೊಂದಕ್ಕೂ ಮಜೂರಿಯಲ್ಲಿ ಮುರಿದುಕೊಳ್ಳುವರು. ಅವ್ವ ನಿಂತಲ್ಲೇ ನಿಂತು ಹೌದ್ರಿ, ಹೌದ್ರಿ ಎನ್ನುತ್ತಿದ್ದಳು. ಅದೇ ಸೀರೆ ಆಮೇಲೆ ಅಂಗಡಿಯ ಗಾಜಿನ ಹಿಂದೆ ಕೂತಾಗ ಅದರಲ್ಲಿ ಒಂದು ಐಬೂ ಇರುತ್ತಿರಲಿಲ್ಲ. ಅವಳು ಕೇಳಿದಷ್ಟು ಒಂದು ಸಲವೂ ಅವರು ಕೊಡಲಿಲ್ಲ. ಆ ಸಾವ್ಕಾರರ ದನಿ ನನ್ನ ಬಾಯಲ್ಲಿ ಇಷ್ಟು ಸಲೀಸಾಗಿ ಹೊರಟಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು, ಜೊತೆಗೆ ವ್ಯಾಪಾರ ಕೆಡಿಸಿದಳಲ್ಲ ಎಂದು ಸಿಟ್ಟೂ ಬಂತು.

ಅವ್ವ ಅಷ್ಟಕ್ಕೇ ನಿಲ್ಲಲಿಲ್ಲ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು ಹೊಗಳಲು ಶುರುಮಾಡಿದಳು. ಯಂತ್ರದ ಬಗ್ಗೆ ಅವಳಿಗೆ ಏನೇನೂ ಗೊತ್ತಿಲ್ಲದ ಕಾರಣ ಸಿಕ್ಕಿದ್ದನ್ನೆಲ್ಲ ಹೊಗಳಿದಳು. ಬೀಗ ಎಷ್ಟು ಗಟ್ಟಿ ಇದೆ ಎಂದಳು. ಒಳಗಿನ ವೈರುಗಳನ್ನು ಕಂತೆ ಮಾಡಿ ದಾರ ಕಟ್ಟಿದ್ದನ್ನು ನೋಡಿ, ಇದನ್ನು ಕಟ್ಟಿದ ಕೈ ಒಳ್ಳೆಯ ಕೈ ಎಂದಳು. ಪಕ್ಕದ ಹಲಗೆಯ ಮೇಲೆ ಬರೆದಿದ್ದ ಕೆಂಪು ವಿಮಾನಕ್ಕೆ ಹೆಬ್ಬೆರಳಿಗೆ ಎಂಜಲು ಹಚ್ಚಿ ಗಸಗಸ ತಿಕ್ಕಿದಳು, ರೇಷ್ಮೆಯ ಬಣ್ಣ ಪರೀಕ್ಷೆ ಮಾಡುವ ಹಾಗೆ. ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದು, "ನೋಡು, ಬಣ್ಣ ಬಿಟ್ಟಿಲ್ಲ," ಎಂದಳು. ಈ ಪೆಟ್ಟಿಗೆ ನಿಮ್ಮ ಮನೆ ನಡೆಸಿತಾ ಎಂದು ಯಜಮಾನರನ್ನು ಕೇಳಿದಳು. ನಡೆಸಿತು, ಮಗಳ ಶಾಲೆ ಫೀಸು ಇದರಿಂದಲೇ ಕಟ್ಟಿದ್ದು ಎಂದರು. ಹಂಗಾದರೆ ಹದಿನೆಂಟು ಕೊಡಬಹುದು ಎಂದು ಅವ್ವ ತೀರ್ಪು ಕೊಟ್ಟಳು.

ಹದಿನೆಂಟು ನನ್ನ ಕೈಯಿಂದ ಹೋಗುವ ದುಡ್ಡು. ಬಾಯಿ ತೆರೆಯುವಷ್ಟರಲ್ಲಿ ಯಜಮಾನರೇ ಅಡ್ಡ ಬಂದರು. ಅಷ್ಟು ಬೇಡಮ್ಮ, ಹನ್ನೆರಡು ಸಾಕು ಎಂದರು. ಕೆಂಪು ಬಟನ್ನು ನಿಜವಾಗಲೂ ಹೋಗಿದೆಯಂತೆ. ಒಂದು ಗಂಟೆ ಓಡಿದರೆ ಟಿವಿ ಪರದೆಯೆಲ್ಲ ಹಸಿರಾಗುತ್ತದಂತೆ. ಅದು ನಾನು ಕಂಡುಹಿಡಿಯದೆ ಬಿಟ್ಟ ಐಬು! ಅವ್ವ ಒಪ್ಪಲಿಲ್ಲ. ಹಸಿರಾದರೆ ಆಗಲಿ, ಹಸಿರು ಕೆಟ್ಟ ಬಣ್ಣವಾ ಎಂದಳು. ಅವಳು ಏರಿಸುವುದು, ಅವರು ಇಳಿಸುವುದು. ಕೊಳ್ಳುವವಳು ನಾನು, ನನ್ನನ್ನು ಇಬ್ಬರಲ್ಲಿ ಒಬ್ಬರೂ ಕೇಳುತ್ತಿರಲಿಲ್ಲ. ಕೊನೆಗೆ ಹದಿನಾಲ್ಕಕ್ಕೆ ನಿಂತಿತು. ಬಟನ್ನು ಹಾಕಿಕೊಟ್ಟು, ಪೆಟ್ಟಿಗೆಯನ್ನು ನನ್ನ ಅಂಗಡಿಗೆ ಮುಟ್ಟಿಸುವುದು ಅವರ ಪಾಲಿಗೆ.

ಮೊದಲ ಆಟ ಅವ್ವನಿಗೆ ಕೊಟ್ಟರು. ಅವಳು ಸ್ಟೂಲು ಎಳೆದು ಕೂತು, ಹಿಡಿ ಹಿಡಿದು, ಎರಡೂ ಪಾದಗಳಿಂದ ಪೆಟ್ಟಿಗೆಯ ಬುಡದಲ್ಲಿ ತಡಕಾಡಿದಳು. ಮಗ್ಗದಂತೆ ಇದಕ್ಕೂ ಕಾಲಿನಲ್ಲಿ ತುಳಿಯುವುದಿದೆ ಎಂದುಕೊಂಡಿದ್ದಳು. ಕಾಲಿಗೆ ಏನೂ ಇಲ್ಲವೆಂದು ತಿಳಿಯುವಷ್ಟರಲ್ಲಿ ಅವಳ ವಿಮಾನಗಳೆಲ್ಲ ಉರಿದುಹೋದವು. ಕಾಲಿಗೆ ಕೆಲಸವಿಲ್ಲದ್ದು ಎಂಥ ಯಂತ್ರ ಎಂದು ಎದ್ದಳು. ಆಮೇಲೆ ನಾನು ಕೂತೆ. ಯಜಮಾನರು ನಾಣ್ಯ ಹಾಕುತ್ತ ಮೆಲ್ಲಗೆ ಹೇಳಿದರು:

"ಪಂಕ್ಚರ್ ಅಂಗಡಿ ಹತ್ರ ನಿಂತಿರ್ತಿದ್ರಲ್ಲ ನೀವು. ಬಸ್ ಬಂದು ಹೋದ್ರೂ ಹತ್ತುತಿರಲಿಲ್ಲ. ಒಳಗೆ ಕರಿಯಾಣ ಅನ್ಕಂತಿದ್ದೆ, ಊರೋರು ಏನಂತಾರೋ ಅಂತ ಸುಮ್ನಾದೆ."

ಹಾಗಾದರೆ ನಾನು ಹಳಸಿದ ಅನ್ನದ ಮುಖ ಹಾಕಿಕೊಂಡು ನಿಂತಿದ್ದಾಗಲೂ ಅವರಿಗೆ ಎಲ್ಲ ಗೊತ್ತಿತ್ತು. ಎಷ್ಟು ಬೇಕು ನನಗೆ ಎಂದು ಗೊತ್ತಿದ್ದೂ ಹದಿನೆಂಟನ್ನು ಹನ್ನೆರಡಕ್ಕೆ ಇಳಿಸಿದ್ದರು. ನನ್ನ ಮೊದಲ ವಿಮಾನ ಆ ಯೋಚನೆಯಲ್ಲೇ ಸತ್ತಿತು. ಎರಡನೆಯದು ಬಹಳ ಹೊತ್ತು ಹಾರಿತು. ಅಂಥ ಸಂತೋಷ ನನಗೆ ಆಗಿ ಎಷ್ಟೋ ಕಾಲವಾಗಿತ್ತು.

ಸೋಮವಾರ ಗುಜರಿಯವನು ಹೇಳಿದ ಹೊತ್ತಿಗೆ ಸರಿಯಾಗಿ ಲಗೇಜ್ ಆಟೋ ತಂದ. ಬಂದವನನ್ನು ಬರಿಗೈಲಿ ಕಳಿಸುವುದೇಕೆಂದು ಯಜಮಾನರು ಅದೇ ಆಟೋಗೆ ಬಾಡಿಗೆ ಮಾತಾಡಿ, ಪೆಟ್ಟಿಗೆಯನ್ನು ನನ್ನ ಅಂಗಡಿಗೆ ತಂದರು. ಲೈನಿಂಗ್ ಬಟ್ಟೆಯ ಥಾನುಗಳನ್ನು ಸರಿಸಿ ಮೂಲೆಯಲ್ಲಿ ನಿಲ್ಲಿಸಿದ್ದಾಯಿತು. ಯಜಮಾನರು ಹೊಸ ಬಟನ್ನು ಕೂರಿಸಲು ಪೆಟ್ಟಿಗೆಯ ಹಿಂದೆ ಬಗ್ಗಿದರು. ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಗುಜರಿಯವನು ಬೆವರು ಒರೆಸಿಕೊಳ್ಳುತ್ತ, ಕೊನೆಗೆ ಎಷ್ಟಕ್ಕೆ ಹೋಯಿತು ಎಂದು ಎಲ್ಲರಿಗೂ ಕೇಳುವಂತೆ ಕೇಳಿದ.

"ಇಪ್ಪತ್ತು ಸಾವಿರ," ಎಂದಳು ಅವ್ವ.

ಪೆಟ್ಟಿಗೆಯ ಹಿಂದೆ ಸ್ಕ್ರೂಡ್ರೈವರಿನ ಸದ್ದು ನಿಂತಿತು. ಗುಜರಿಯವನು ನನ್ನ ಮುಖ ನೋಡಿದ. ಹಳೇ ಪೇಪರಿನ ತೂಕಕ್ಕೆ ಪ್ರತಿ ತಿಂಗಳೂ ನನ್ನ ಹತ್ತಿರ ಜಗಳವಾಡುವವನು ಅವನು. ನೀವು ಇಪ್ಪತ್ತು ಕೊಟ್ಟಿರಾ ಎಂದು ಕೇಳಿದ. ಗಿರಾಕಿಗಳೂ ಕೈಯಲ್ಲಿದ್ದ ಬಟ್ಟೆ ಬಿಟ್ಟು ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಒಂದು ಮಾತಿನಲ್ಲಿ ಉಳಿಯಬಹುದಿತ್ತು, ಹದಿನಾಲ್ಕು ಎಂದರೆ ಸಾಕಿತ್ತು. ಅವ್ವ ನನ್ನತ್ತ ನೋಡಲೇ ಇಲ್ಲ. ಪೆಟ್ಟಿಗೆಯ ಕೆಂಪು ವಿಮಾನವನ್ನು ಸೆರಗಿನಿಂದ ಒರೆಸುತ್ತ ನಿಂತಿದ್ದಳು.

"ಹೂಂ," ಎಂದೆ. "ಕೇಳಿದಷ್ಟೂ ಕೊಟ್ಟೆ."