ಹನ್ನೆರಡು ಪುಸ್ತಕಗಳ ಬೇಸಗೆ

ಕೌಸಲ್ಯಾ ಶಂಕರನಾರಾಯಣ ಭಟ್ಟ, ವಯಸ್ಸು ಮೂವತ್ತನಾಲ್ಕು. ಪುತ್ತೂರಿನ ದಿವಂಗತ ಶಂಕರನಾರಾಯಣ ಭಟ್ಟರ ಕಿರಿಯ ಮಗಳು. ಹತ್ತೊಂಬತ್ತರಲ್ಲೇ ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲ. ಅತ್ತಿಗೆ ತೀರಿಕೊಂಡಾಗ ಆರು ತಿಂಗಳ ಮಟ್ಟಿಗೆಂದು ಅಣ್ಣ ಯಜ್ಞನಾರಾಯಣನ ಕೊಚ್ಚಿಯ ಮನೆಗೆ ಬಂದಿದ್ದಳು. ಅಣ್ಣನಿಗೆ ತಿರುವನಂತಪುರಕ್ಕೆ ವರ್ಗವಾಯಿತು. ಪಾತ್ರೆ ಪೆಟ್ಟಿಗೆಗಳೊಂದಿಗೆ ಆಕೆಯೂ ಅಲ್ಲಿನ ಉಳ್ಳೂರು ಬಡಾವಣೆಯ ಬಾಡಿಗೆ ಮನೆಗೆ ಸಾಗಿದಳು. 1966ರ ಬೇಸಗೆಗೆ ಆ ಆರು ತಿಂಗಳು ಐದು ವರ್ಷವಾಗಿತ್ತು.

ಊರಿನ ಸಂಜೆ ತರಗತಿಯಲ್ಲಿ ಕಲಿತು ಇಪ್ಪತ್ತೆಂಟಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿದ ಹೆಂಗಸು. ಮಂಗಳೂರಿನಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಲು ಅರ್ಜಿ ತರಿಸಿದ್ದಳು. ಮೂವತ್ತೈದು ತುಂಬಿದವರಿಗೆ ಅಲ್ಲಿ ಜಾಗವಿಲ್ಲ. ಆಕೆಗೆ ಜುಲೈಯಲ್ಲಿ ತುಂಬುತ್ತಿತ್ತು. ಹಾಸ್ಟೆಲಿಗೆ ಮನೆಯ ಗಂಡಸಿನ ಸಹಿಯೂ ಬೇಕಿತ್ತು.

ಅಣ್ಣ ಅರ್ಜಿಯನ್ನು ತಿರುವಿ ನೋಡಿದ. "ಊರಿನ ಕಾಗದ ಬಂದರೆ ಈ ಹುಡುಗಿಗೆ ಓದಲಿಕ್ಕೆ ಬರುದಿಲ್ಲ. ಅಷ್ಟು ಕಲಿಸಿ ಹೋಗು. ನಾನು ಬೇಡ ಹೇಳುದಿಲ್ಲ."

ಹುಡುಗಿ ಎಂದರೆ ಅವನ ಮಗಳು, ಹದಿನಾಲ್ಕರ ಪ್ರೇಮ. ಕಲಿತದ್ದೆಲ್ಲ ಮಲಯಾಳ ಶಾಲೆಯಲ್ಲಿ; ಕನ್ನಡದ ಅಕ್ಷರ ಗೊತ್ತು, ಓದು ಹರಿಯದು. ರಜೆ ಎಂಟು ವಾರ. ಕೌಸಲ್ಯಾ ಮಂಗಳೂರಿನಿಂದ ಹನ್ನೆರಡು ಪುಸ್ತಕ ತರಿಸಿದಳು: ಮೊದಲು ದಪ್ಪಕ್ಷರದ ಕತೆಗಳು, ಕೊನೆಗೆ ಮುನ್ನೂರು ಪುಟದ ಕಾದಂಬರಿ. ಹಳೆಯ ಕ್ಯಾಲೆಂಡರಿನ ಬೆನ್ನಲ್ಲಿ ಪಟ್ಟಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಿದಳು. ಮುಗಿದ ಪುಸ್ತಕದೆದುರು ಪ್ರೇಮಳೇ ಅರಸಿನದ ಬೊಟ್ಟಿಡಬೇಕು. ಮೇ ಕೊನೆಗೆ ಅಪ್ಪನೆದುರು ಪರೀಕ್ಷೆ.

"ಪಂದ್ಯವಾ ಅತ್ತೆ? ಗೆದ್ದರೆ ಎಂತ ಕೊಡ್ತೀರಿ?"

"ಇನ್ನೊಂದು ಪುಸ್ತಕ."

"ಸೋತರೆ?"

"ಅದೇ ಪುಸ್ತಕ, ಇನ್ನೊಮ್ಮೆ. ಕೂತ್ಕೋ."

ಮೇ ಮಧ್ಯಕ್ಕೆ ಬಾಗಿಲಲ್ಲಿ ಮೂರೇ ಬೊಟ್ಟು. ಒತ್ತಕ್ಷರ ಕಂಡಲ್ಲೆಲ್ಲ ಪ್ರೇಮ ಮುಗ್ಗರಿಸುತ್ತಿದ್ದಳು. "ಮತಿ ಅತ್ತೆ" ಎಂದು ಮಲಯಾಳದಲ್ಲೇ ಸಾಕೆಂದು ಪುಸ್ತಕ ಮುಚ್ಚುತ್ತಿದ್ದಳು. ಕಿಟಕಿಯಾಚೆ ತಂಪಾನೂರಿನ ರೈಲು ನಿಲ್ದಾಣಕ್ಕೆ ಬಸ್ಸುಗಳು ಹೋಗುತ್ತಲೇ ಇದ್ದವು. ಕೌಸಲ್ಯಾ ಕಿಟಕಿಗೆ ಬೆನ್ನು ಹಾಕಿ ಕೂರುವುದನ್ನು ರೂಢಿಸಿಕೊಂಡಳು.

ಆ ಪುಸ್ತಕಗಳಲ್ಲಿ ಹಾಳೆಗಳ ಅಂಚು ಕತ್ತರಿಸದೆ ಮಡಿಕೆಯಾಗಿಯೇ ಇರುತ್ತಿತ್ತು, ಓದುವವರೇ ಸೀಳಿಕೊಳ್ಳಬೇಕು. ಒಂದು ಮಧ್ಯಾಹ್ನ ಹನ್ನೆರಡನೆಯದನ್ನು ಸೀಳಿಡಲೆಂದು ಚಾಕು ಹಿಡಿದು ಕುಳಿತರೆ, ಹಾಳೆಗಳೆಲ್ಲ ಆಗಲೇ ಬಿಡಿಯಾಗಿದ್ದವು. ಕೊನೆಯ ಪುಟದಲ್ಲಿ ಗುರುತಿಗಿಟ್ಟ ತೆಂಗಿನ ಗರಿಯ ಕಡ್ಡಿ. ಉಳಿದವನ್ನು ತೆರೆದಳು, ಎಲ್ಲವೂ ಹಾಗೆಯೇ.

"ಎಲ್ಲ ಓದಿ ಆಯ್ತಾ?"

ಪ್ರೇಮ ಬಾಗಿಲ ಚಿಲಕವನ್ನು ತಿರುವುತ್ತ ನಿಂತಳು. "ನಾನು ಓದಿದರೆ ನೀವು ಹೋಗ್ತೀರಿ."

ಕೌಸಲ್ಯಾ ಬೈಯಲಿಲ್ಲ, ಹತ್ತಿರ ಕರೆಯಲೂ ಇಲ್ಲ. "ಬರುವುದನ್ನು ಬರುದಿಲ್ಲ ಅಂತ ಆಡಿ ತೋರಿಸುದು ನನ್ನ ಹತ್ತಿರ ಕಲಿತವರು ಮಾಡುವ ಕೆಲಸ ಅಲ್ಲ," ಎಂದಳು. ಅಣ್ಣನಿಗೆ ಹೇಳಲಿಲ್ಲ. ಮಗುವಿನ ಗುಟ್ಟು ಬಯಲು ಮಾಡಿ ಬಿಡುಗಡೆ ಪಡೆಯುವುದು ಆಕೆಗೆ ಒಗ್ಗದು.

ಮೇ ಕೊನೆಯ ದಿನ ಪ್ರೇಮ ಊರಿನ ದೊಡ್ಡಪ್ಪನ ಕಾಗದವನ್ನು ಅಪ್ಪನೆದುರು ಒಂದೂ ಅಕ್ಷರ ತಪ್ಪದೆ ಓದಿದಳು. ಓದು ಮುಗಿದ ಮೇಲೆ ಕಣ್ಣೊರೆಸಿಕೊಂಡಳು.

ಯಜ್ಞನಾರಾಯಣ ಕನ್ನಡಕ ತೆಗೆದ. "ಎಂಟು ವಾರದಲ್ಲಿ ಇಷ್ಟು. ನೀನು ಇಲ್ಲದಿದ್ದರೆ ಆಗ್ತಿತ್ತಾ ಕೌಸಲ್ಯಾ? ಇನ್ನು ಇವಳ ಶಾಲೆ ಮುಗಿಯುವವರೆಗೆ ನಿನ್ನನ್ನು ಹೇಗೆ ಕಳಿಸುದು, ಹೇಳು."

"ಮಾತು ಕೊಟ್ಟಿದ್ದೆಯಲ್ಲ ಅಣ್ಣ."

"ಕೊಟ್ಟಿದ್ದೆ. ನೀನು ಇಷ್ಟು ಚೆಂದ ಕಲಿಸ್ತಿ ಅಂತ ಆಗ ಗೊತ್ತಿತ್ತಾ?" ಪ್ರೀತಿಯಿಂದಲೇ ಅಂದ; ಎಲೆ ಹಾಕು, ಹಸಿವಾಯಿತು ಎಂದ.

ಆಕೆ ಎಲೆ ಹಾಕಿದಳು. ಪ್ರೇಮ ಅಡುಗೆಮನೆಗೆ ಹೋಗಿ ಉಳಿದ ಒಂಬತ್ತು ಬೊಟ್ಟುಗಳನ್ನು ಇಟ್ಟಳು.

1976ರಲ್ಲಿ ಅದೇ ಮನೆಯಲ್ಲಿ ತೀರಿಕೊಂಡಾಗ ಕೌಸಲ್ಯಾ ಬಿಟ್ಟುಹೋದದ್ದು: ನೂಲಿನ ಸೀರೆ ನಾಲ್ಕು. ಚೌಕಟ್ಟು ಹಾಕಿಸಿದ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ. ಹನ್ನೆರಡು ಪುಸ್ತಕ, ಪ್ರೇಮ ಮದುವೆಯ ನಂತರ ಕಳಿಸಿದ ಇನ್ನೊಂದು, ಅರ್ಧದವರೆಗೆ ಸೀಳಿದ್ದು. ಪ್ರೇಮಳ ಕನ್ನಡ ಕಾಗದಗಳ ಒಂದು ಕಟ್ಟು. ಅರಸಿನ ಮಾಸಿದ ಕ್ಯಾಲೆಂಡರ್ ಹಾಳೆ. ಅಂದವಾದ ಅಕ್ಷರದಲ್ಲಿ ತುಂಬಿಸಿದ ಅರ್ಜಿ, ಆಕೆಯ ಸಹಿ ಇದೆ. ಅದರ ಕೆಳಗೆ ಮನೆಯ ಗಂಡಸಿನ ಸಹಿಯ ಗೆರೆ ಖಾಲಿ.